ಲೈವ್ ರಾಕ್‌ನೊಡನೆ ಬರುವ ಜೀವಿಗಳು: ಗುರುತಿಸುವ ಕ್ರಮದ ಕುರಿತು ಟಿಪ್ಪಣಿ

ಹವಳದ ಅಕ್ವೇರಿಯಂಗಳಲ್ಲಿ ಇಡುವ ಲೈವ್ ರಾಕ್ ಜೀವಂತ ಹವಳವಲ್ಲ. ಸತ್ತ ಗಟ್ಟಿ ಹವಳಗಳ ಅಸ್ಥಿಪಂಜರವು ಅಲೆ, ಬಿರುಗಾಳಿಗಳ ಹೊಡೆತಕ್ಕೆ ಮುರಿದು, ಸಮುದ್ರತಳದಲ್ಲಿ ಬಿದ್ದು, ವರ್ಷಗಟ್ಟಲೆ ಕಾಲದಲ್ಲಿ ಮೈಮೇಲೂ ಒಳಗೂ ಜೀವಿಗಳನ್ನು ತುಂಬಿಕೊಂಡಾಗ ಈ ರಂಧ್ರಮಯ ಸುಣ್ಣದ ಕಲ್ಲು ಉಂಟಾಗುತ್ತದೆ. ಇದರ ಹೊರಪದರದ ಬ್ಯಾಕ್ಟೀರಿಯಾಗಳು ಮೀನಿನ ಮಲಮೂತ್ರದ ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆಮ್ಲಜನಕ ಸರಿಯಾಗಿ ತಲುಪದ ಒಳಭಾಗದ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಬಿಡುತ್ತವೆ. ಕಲ್ಲನ್ನು ತೊಟ್ಟಿಗೆ ತರುವುದು ಮುಖ್ಯವಾಗಿ ಈ ಕೆಲಸಕ್ಕಾಗಿ. ಆದರೆ ಅದೇ ರಂಧ್ರಗಳಲ್ಲಿ ಹುಳು, ಏಡಿ, ಸೀಗಡಿ, ಬಸವನಹುಳು, ಕಡಲಹೂವು (ಸೀ ಅನಿಮೋನ್ ಎಂಬ ಪ್ರಾಣಿ)ಗಳೂ ಯಾರೂ ಕೇಳದಿದ್ದರೂ ಬಂದು ಸೇರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿಗಳು.

ಅಪರಿಚಿತ ಜೀವಿ ಕಂಡೊಡನೆ ಅದರ ಪ್ರಭೇದದ ಹೆಸರನ್ನು ಹುಡುಕಲು ಹೊರಡುವುದು ರೂಢಿ. ನನ್ನ ದೃಷ್ಟಿಯಲ್ಲಿ ಇದು ಕ್ರಮ ತಪ್ಪಿದ ಕೆಲಸ. ಸಮುದ್ರದ ಹುಳುಗಳಂಥ ಗುಂಪಿನಲ್ಲಿ ಪ್ರಭೇದವನ್ನು ನಿರ್ಧರಿಸಲು ಬಿರುಗೂದಲಿನ ತುದಿಯನ್ನೂ ದವಡೆಯ ತುಣುಕುಗಳನ್ನೂ ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ಗಾಜಿನ ಹೊರಗಿನಿಂದ ತೆಗೆದ ಮಸುಕಾದ ಚಿತ್ರದಿಂದ ತಜ್ಞರೂ ಅದನ್ನು ಖಚಿತವಾಗಿ ಹೇಳಲಾರರು. ತೊಟ್ಟಿಯನ್ನು ನೋಡಿಕೊಳ್ಳುವವರಿಗೆ ನಿಜವಾಗಿ ಬೇಕಾಗಿರುವುದು ಈ ಜೀವಿ ಏನು ತಿನ್ನುತ್ತದೆ ಎಂಬ ಪ್ರಶ್ನೆಗೆ ಉತ್ತರ. ಅದು ಯಾವ ಗುಂಪಿನದು, ಅದರ ಆಹಾರ ಹಿಡಿಯುವ ಅಂಗ ಯಾವ ಆಕಾರದ್ದು ಎಂಬ ಎರಡು ಸಂಗತಿಗಳು ತಿಳಿದರೆ, ಹೆಸರು ಗೊತ್ತಿಲ್ಲದಿದ್ದರೂ ಬಹುಪಾಲು ನಿರ್ಧಾರಗಳನ್ನು ಕೈಗೊಳ್ಳಬಹುದು.

ವೀಕ್ಷಣೆಗೆ ರಾತ್ರಿಯೇ ಸೂಕ್ತ. ದೀಪ ಆರಿಸಿ ಒಂದೆರಡು ಗಂಟೆ ಕಳೆದ ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿದರೆ, ಕೆಂಪು ಬಣ್ಣವನ್ನು ಅಷ್ಟಾಗಿ ಗ್ರಹಿಸಲಾರದ ಅನೇಕ ಅಕಶೇರುಕಗಳು ಬೆದರದೆ ತಮ್ಮ ಪಾಡಿಗೆ ಓಡಾಡುತ್ತಿರುತ್ತವೆ. ಹೊಸ ಕಲ್ಲನ್ನು ನೇರವಾಗಿ ಮುಖ್ಯ ತೊಟ್ಟಿಗೆ ಹಾಕದೆ, ಕೆಲವು ವಾರಗಳ ಕಾಲ ಉಪ್ಪುನೀರಿನ ಬೇರೆ ಟಬ್ಬಿನಲ್ಲಿಟ್ಟು ನೋಡುವುದು ಒಳ್ಳೆಯದು. ಕಲ್ಲು ಯಾವ ಸಮುದ್ರದಿಂದ ಬಂದದ್ದೆಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಕೆರಿಬಿಯನ್ ಕಡೆಯ ಕಲ್ಲಿನಲ್ಲಿ ಸಿಗುವ ಜೀವಿಗಳೇ ಬೇರೆ, ಇಂಡೋನೇಷ್ಯಾದ ಕಲ್ಲಿನಲ್ಲಿ ಸಿಗುವವೇ ಬೇರೆ.

ನಮ್ಮ ದೇಶದ ಅಭ್ಯಾಸಿಗಳು ಇಲ್ಲಿ ಒಂದು ವಿಷಯವನ್ನು ಮರೆಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಲಾಗಿದೆ. ಆದ್ದರಿಂದ ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ, ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಹವಳದ ಕಲ್ಲನ್ನು ಎತ್ತಿ ತರುವುದು ಅಪರಾಧ. ಕೆಳಗೆ ಹೇಳಿರುವ ಗುಂಪುಗಳ ಪರಿಚಯ ಮಾಡಿಕೊಳ್ಳಲು ಅದರ ಅಗತ್ಯವೂ ಇಲ್ಲ. ಇಳಿತದ ಹೊತ್ತಿನಲ್ಲಿ ಕರಾವಳಿಯ ಬಂಡೆಗಳ ನಡುವೆ ನಿಂತ ನೀರಿನ ಹೊಂಡಗಳಲ್ಲಿ ಹುಳು, ಏಡಿ, ಕಡಲಹೂವು, ಬಂಡೆಗೆ ಅಂಟಿಕೊಂಡಿರುವ ಕೈಟನ್ ಎಂಬ ಮೃದ್ವಂಗಿಗಳನ್ನು ಅವು ಇದ್ದಲ್ಲಿಯೇ ನೋಡಬಹುದು.

ಹುಳುಗಳಿಂದ ಆರಂಭಿಸೋಣ, ಏಕೆಂದರೆ ಅತಿ ಹೆಚ್ಚು ಗಾಬರಿ ಹುಟ್ಟಿಸುವವು ಅವೇ. ಬ್ರಿಸಲ್ ವರ್ಮ್ ಎಂದು ಕರೆಯಲಾಗುವ ವಲಯವಂತ ಹುಳುವಿನ ಪ್ರತಿ ಖಂಡದ ಎರಡೂ ಬದಿಗಳಲ್ಲಿ ಬಿಳಿ ಬಿರುಗೂದಲುಗಳ ಗೊಂಚಲಿರುತ್ತದೆ. ಯೂರಿಥೋಯಿ ಕುಲವನ್ನೊಳಗೊಂಡ ಆಂಫಿನೋಮಿಡೆ ಕುಟುಂಬದಲ್ಲಿ ಈ ಕೂದಲುಗಳು ಸುಣ್ಣಾಂಶದಿಂದ ಕೂಡಿದ್ದು ಬಹಳ ಪೆಡಸು; ಬರಿಗೈ ತಾಗಿದರೆ ಚರ್ಮದೊಳಗೆ ಮುರಿದುಕೊಂಡು ಉರಿ, ಊತ ಉಂಟಾಗುತ್ತದೆ. ಆದರೆ ಬೂದುಗೆಂಪು ಬಣ್ಣದ ಸಾಮಾನ್ಯ ಯೂರಿಥೋಯಿ ಹುಳು ತೊಟ್ಟಿಯಲ್ಲಿ ಕೊಳೆತದ್ದನ್ನು ತಿಂದು ಶುಚಿಗೊಳಿಸುವ ಜೀವಿ. ಬೆಳಿಗ್ಗೆ ಸತ್ತ ಮೀನಿನ ಸುತ್ತ ಇಂತಹ ಹತ್ತಾರು ಹುಳುಗಳು ಮುತ್ತಿರುವುದು ಕಂಡರೆ, ಮೀನು ಸತ್ತ ಮೇಲೆ ಅವು ಬಂದವೆಂದು ತಿಳಿಯುವುದೇ ಹೆಚ್ಚು ಸಮಂಜಸ.

ಇದೇ ಕುಟುಂಬದ ಹರ್ಮೊಡೈಸ್ ಕರುಂಕ್ಯುಲೇಟಾ ಮಾತ್ರ ನಿಜವಾಗಿ ಗಟ್ಟಿ ಹವಳವನ್ನೂ ಗೋರ್ಗೋನಿಯನ್ ಎಂಬ ಬಾಗುವ ಕೊಂಬೆಗಳ ಹವಳವನ್ನೂ ತಿನ್ನುವ ಬೆಂಕಿ ಹುಳು. ತಲೆಯ ಹಿಂದೆ ಎದ್ದು ಕಾಣುವ ಮಡಿಕೆ ಮಡಿಕೆಯಾದ ಮಾಂಸಲ ಭಾಗ ಹಾಗೂ ಬಿಳಿ ಕೂದಲ ಗೊಂಚಲುಗಳ ಪಕ್ಕದಲ್ಲಿ ಕವಲೊಡೆದ ಕಿವಿರುಗಳು ಅದರ ಗುರುತು. ಅದು ಅಟ್ಲಾಂಟಿಕ್, ಕೆರಿಬಿಯನ್, ಮೆಡಿಟರೇನಿಯನ್ ಕಡೆಯದಾದ್ದರಿಂದ, ಪೆಸಿಫಿಕ್ ಕಲ್ಲಿನಲ್ಲಿ ಅದನ್ನು ಕಂಡೆವೆಂದು ಹೇಳುವ ಮೊದಲು ಎರಡು ಬಾರಿ ಯೋಚಿಸಬೇಕು.

ಯೂನಿಸಿಡೆ ಕುಟುಂಬದ ಹುಳುಗಳನ್ನು ಗುರುತಿಸಲು ಇಡೀ ದೇಹ ಕಾಣಬೇಕಾಗಿಲ್ಲ, ತಲೆ ಸಾಕು: ಮುಂಭಾಗದಲ್ಲಿ ನೀಳವಾದ ಐದು ಕುಡಿಮೀಸೆಗಳು, ಬೆಳಕು ಬಿದ್ದಾಗ ಬಣ್ಣ ಬದಲಿಸಿ ಮಿನುಗುವ ಮೈ, ಒಳಗೆ ಗಟ್ಟಿ ದವಡೆ. 2009ರಲ್ಲಿ ಇಂಗ್ಲೆಂಡಿನ ನ್ಯೂಕೀ ಪಟ್ಟಣದ ಸಾರ್ವಜನಿಕ ಅಕ್ವೇರಿಯಂನಲ್ಲಿ ಹವಳಗಳು ತುಂಡಾಗತೊಡಗಿದಾಗ, ಸಿಬ್ಬಂದಿ ತೊಟ್ಟಿಯ ಕಲ್ಲುಗಳನ್ನು ಒಂದೊಂದಾಗಿ ಹೊರತೆಗೆದು ನೋಡಿದರು. ಸಿಕ್ಕಿದ್ದು ಸುಮಾರು 4 ಅಡಿ ಉದ್ದದ ಇಂತಹ ಹುಳು. ಈ ಪ್ರಸಂಗ ಪ್ರಸಿದ್ಧವಾದ ಮೇಲೆ ಐದು ಮೀಸೆಯ ಹುಳುಗಳೆಲ್ಲವೂ ಬಾಬಿಟ್ ವರ್ಮ್, ಅಂದರೆ ಈ ಕುಟುಂಬದ ದೈತ್ಯ ಬೇಟೆಗಾರ ಹುಳು, ಎನಿಸಿಕೊಂಡಿವೆ. ವಾಸ್ತವದಲ್ಲಿ ಈ ಕುಟುಂಬದಲ್ಲಿ ಪಾಚಿ, ಕಸ ತಿಂದು ಬದುಕುವ ಸಣ್ಣ ಹುಳುಗಳೂ ಸಾಕಷ್ಟಿವೆ. ಗಾತ್ರ ಹೆಚ್ಚುತ್ತಾ ಹೋಗುವುದು, ಹವಳದ ಅಂಚು ಕತ್ತರಿಸಿದಂತೆ ಕಾಣುವುದು ಇವೆರಡೂ ಸೇರಿದಾಗ ಮಾತ್ರ ಕಲ್ಲನ್ನು ಹೊರತೆಗೆಯುವ ಶ್ರಮ ಸಾರ್ಥಕ. ಖಂಡಗಳೂ ಕೂದಲೂ ಇಲ್ಲದೆ, ಮುಂಭಾಗವನ್ನು ಒಳಕ್ಕೆ ಮಡಚಿಕೊಳ್ಳುವ ಹುಳುವಾದರೆ ಅದು ಪೀನಟ್ ವರ್ಮ್; ಸಂದಿಯಿಂದ ಉದ್ದುದ್ದ ಎಳೆಗಳು ಮಾತ್ರ ಹೊರಚಾಚಿ ಮರಳನ್ನು ತಡಕುತ್ತಿದ್ದರೆ ಸ್ಪೆಗೆಟಿ ವರ್ಮ್. ಎರಡನ್ನೂ ಹಾಗೆಯೇ ಬಿಡಬೇಕು.

ಐಪ್ಟೇಸಿಯಾ ಎಂಬ ಪುಟ್ಟ ಕಡಲಹೂವಿನ ವಿಷಯದಲ್ಲಿ ಇಷ್ಟು ಉದಾರತೆ ಸಲ್ಲದು. ಅರೆಪಾರದರ್ಶಕ ಕಾಂಡ, ಕಂದು ಛಾಯೆಯ ಬಾಯಿತಟ್ಟೆ, ತುದಿಯತ್ತ ಚೂಪಾಗುವ ಉದ್ದ ಕರಬಳ್ಳಿಗಳು, ನೆರಳು ಬಿದ್ದರೂ ಸಂದಿಯೊಳಗೆ ಮುದುಡಿಕೊಳ್ಳುವ ಚುರುಕು ಅದರ ಲಕ್ಷಣಗಳು. ಕೊಳವೆಯೊಳಗಿಂದ ಗರಿಯಂಥ ಎಳೆಗಳನ್ನು ಹೊರಚಾಚುವ ಗರಿಹುಳುವಿನ ಕಿರೀಟವನ್ನು ಕಂಡು ಐಪ್ಟೇಸಿಯಾ ಎಂದುಕೊಳ್ಳುವವರಿದ್ದಾರೆ. ಗರಿಹುಳುವಿನ ಪ್ರತಿ ಎಳೆಗೂ ಇಕ್ಕೆಲಗಳಲ್ಲಿ ಸಣ್ಣ ಕವಲುಗಳಿರುತ್ತವೆ, ಕಡಲಹೂವಿನ ಕರಬಳ್ಳಿ ನುಣುಪಾಗಿರುತ್ತದೆ. ಐಪ್ಟೇಸಿಯಾವನ್ನು ಕೆರೆದು ತೆಗೆಯುವುದು ಅದನ್ನು ಬಿತ್ತಿದಂತೆ, ಏಕೆಂದರೆ ಪಾದದ ಬುಡದಿಂದ ಹರಿದ ತುಣುಕೊಂದು ಹೊಸ ಕಡಲಹೂವಾಗಿ ಬೆಳೆಯಬಲ್ಲದು. ಹವಳದಂತೆಯೇ ತನ್ನೊಳಗೆ ಪಾಚಿಯನ್ನು ಇಟ್ಟುಕೊಂಡು, ಎಲ್ಲಿಟ್ಟರೂ ಬೆಳೆಯುವ ಈ ಗುಣದಿಂದಲೇ ಅದು ಪ್ರಯೋಗಾಲಯಗಳಲ್ಲಿ ಹವಳ ಮತ್ತು ಪಾಚಿಯ ಸಹಜೀವನವನ್ನು ಅಧ್ಯಯನ ಮಾಡಲು ಮಾದರಿ ಜೀವಿಯಾಗಿದೆ.

ಇದರ ನಿಯಂತ್ರಣಕ್ಕೆ ಐಪ್ಟೇಸಿಯಾವನ್ನೇ ತಿಂದು ಬದುಕುವ ಬರ್ಗಿಯಾ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವನ್ನೂ ಪೆಪ್ಪರ್‌ಮಿಂಟ್ ಸೀಗಡಿಯನ್ನೂ ಬಳಸುತ್ತಾರೆ. ಪೆಪ್ಪರ್‌ಮಿಂಟ್ ಎಂಬ ಹೆಸರಿನಲ್ಲಿ ಕೆಲವೊಮ್ಮೆ ಕ್ಯಾಮೆಲ್ ಸೀಗಡಿ ಬಂದು ಬಿಡುವುದುಂಟು. ಕ್ಯಾಮೆಲ್ ಸೀಗಡಿಯ ಕೆಂಪು ಮೈಮೇಲೆ ಬಿಳಿ ಗೆರೆಗಳೂ ಚುಕ್ಕೆಗಳೂ ಇರುತ್ತವೆ, ಬೆನ್ನು ಡುಬ್ಬದಂತೆ ಉಬ್ಬಿರುತ್ತದೆ, ಮತ್ತು ಅದು ಹವಳದ ಪಾಲಿಪ್‌ಗಳನ್ನು (ಹವಳವನ್ನು ಕಟ್ಟುವ ಪುಟ್ಟ ಜೀವಿಗಳನ್ನು) ಕೀಳುತ್ತದೆ.

ಏಡಿಗಳಲ್ಲಿ ಇಕ್ಕಳದ ತುದಿಯನ್ನು ಓದಲು ಕಲಿಯಬೇಕು. ತುದಿ ಚಮಚದಂತೆ ಕುಳಿಯಾಗಿದ್ದರೆ ಅದು ಕಲ್ಲಿನ ಮೇಲಿನ ಪಾಚಿಯನ್ನು ಹೆರೆಯಲು ಒಗ್ಗಿದ ಅಂಗ. ಕೆರಿಬಿಯನ್‌ನ ಎಮರಾಲ್ಡ್ ಏಡಿ ಇದಕ್ಕೆ ಉದಾಹರಣೆ. ಕಪ್ಪು ಬಣ್ಣದ ಚೂಪು ತುದಿ, ದಪ್ಪ ಇಕ್ಕಳ, ರೋಮ ತುಂಬಿದ ಕಾಲುಗಳಿದ್ದರೆ ಅದು ಕ್ಸಾಂಥಿಡೆ ಅಥವಾ ಅದರ ಹತ್ತಿರದ ಕುಟುಂಬದ್ದಾಗಿರಬಹುದು. ಅಂಥವು ಬೆಳೆದಂತೆ ಸಿಕ್ಕಿದ್ದನ್ನು ಹಿಡಿದು ತಿನ್ನುವ ಸಂಭವ ಹೆಚ್ಚಾದ್ದರಿಂದ ಬೇರೆ ತೊಟ್ಟಿಗೆ ಸಾಗಿಸುವುದು ಮೇಲು. ಇಕ್ಕಳದ ಹಿಂದೆ ನಾಲ್ಕು ಜೊತೆ ಕಾಲುಗಳ ಬದಲು ಮೂರೇ ಜೊತೆ ಕಾಣುತ್ತಿದ್ದರೆ ಅದು ಪೋರ್ಸಲೇನ್ ಏಡಿ, ಬಾಯಿಯ ಬಳಿಯ ಬೀಸಣಿಗೆಯಂಥ ಅಂಗಗಳಿಂದ ನೀರನ್ನು ಸೋಸಿ ಉಣ್ಣುವ ಸಾಧುಪ್ರಾಣಿ. ಪೊಸಿಲೊಪೊರಾ ಹವಳದ ಕೊಂಬೆಗಳ ನಡುವೆ ಸಿಗುವ ನುಣುಪು ಮೈಯ ಟ್ರಪೀಜಿಯಾ ಏಡಿಯನ್ನು ತೆಗೆದರೆ ನಷ್ಟ ಹವಳಕ್ಕೆ. ಅದು ಹವಳದ ಲೋಳೆಯನ್ನು ಉಂಡು, ಸಮುದ್ರದಲ್ಲಿ ಮುಳ್ಳುಕಿರೀಟದ ನಕ್ಷತ್ರಮೀನಿನಿಂದಲೂ ತನ್ನ ಹವಳವನ್ನು ಕಾಯುತ್ತದೆ.

ರಾತ್ರಿ ತೊಟ್ಟಿಯಿಂದ ಚಟ್ಟನೆ ಸದ್ದು ಬಂದರೆ ಇಬ್ಬರ ಮೇಲೆ ಸಂಶಯ ಪಡಬೇಕು. ಪಿಸ್ತೂಲ್ ಸೀಗಡಿಯ ಒಂದು ಇಕ್ಕಳ ಇನ್ನೊಂದಕ್ಕಿಂತ ಬಹಳ ದೊಡ್ಡದು. ಅದು ಮುಚ್ಚುವ ರಭಸಕ್ಕೆ ನೀರಿನಲ್ಲಿ ಉಂಟಾಗುವ ಗುಳ್ಳೆ ಕುಸಿಯುವಾಗ ಆ ಸದ್ದು ಹುಟ್ಟುತ್ತದೆಂದು 2000ನೇ ಇಸವಿಯಲ್ಲಿ ಅತಿವೇಗದ ಚಿತ್ರೀಕರಣದಿಂದ ತಿಳಿದುಬಂತು. ಇನ್ನೊಂದು ಮ್ಯಾಂಟಿಸ್ ಸೀಗಡಿ: ಕಾಂಡದ ಮೇಲಿನ ಕಣ್ಣುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಹೊರಳುತ್ತವೆ, ಬೇಟೆಯ ಅಂಗ ಎದೆಯಡಿ ಮಡಚಿಕೊಂಡಿರುತ್ತದೆ. ಸದ್ದಿನ ಜೊತೆಗೆ ಒಡೆದ ಬಸವನಚಿಪ್ಪುಗಳು ಸಿಗುತ್ತಿದ್ದರೆ ಸಂಶಯ ಮ್ಯಾಂಟಿಸ್‌ನ ಕಡೆಗೆ ವಾಲಬೇಕು.

ಸಣ್ಣ ಕಠಿಣಚರ್ಮಿಗಳಲ್ಲಿ ಪಕ್ಕದಿಂದ ಪಕ್ಕಕ್ಕೆ ಚಪ್ಪಟೆಯಾದ ಆಂಫಿಪಾಡ್ ಮೀನಿಗೆ ಆಹಾರ. ಬೆನ್ನಿನಿಂದ ಹೊಟ್ಟೆಗೆ ಚಪ್ಪಟೆಯಾದದ್ದು ಐಸೊಪಾಡ್. ಐಸೊಪಾಡ್‌ಗಳಲ್ಲಿಯೂ ದೊಡ್ಡ ಕಣ್ಣುಗಳಿದ್ದು ವೇಗವಾಗಿ ಈಜುವ ಸಿರೊಲಾನಿಡೆ ಕುಟುಂಬದವು ಮೀನುಗಳನ್ನು ಕಚ್ಚುವುದರಿಂದ, ಅಂಥದ್ದು ಕಂಡ ಕಲ್ಲನ್ನು ಹಲವು ತಿಂಗಳು ಮೀನಿಲ್ಲದ ತೊಟ್ಟಿಯಲ್ಲಿ ಇಡಬೇಕು. ಎಂಟು ಫಲಕಗಳ ಕೈಟನ್, ಚಪ್ಪಟೆ ಚಿಪ್ಪಿನ ಸ್ಟೊಮಟೆಲ್ಲಾ ಬಸವನಹುಳು, ಪುಟ್ಟ ಸರ್ಪನಕ್ಷತ್ರಗಳ ಬಗ್ಗೆ ಚಿಂತೆ ಬೇಡ. ಸುಣ್ಣದ ಕೊಳವೆಯೊಳಗಿದ್ದು ಲೋಳೆಯ ಎಳೆಗಳನ್ನು ಹರಡುವ ವರ್ಮೆಟಿಡ್ ಬಸವನಹುಳುಗಳು ಪಕ್ಕದ ಹವಳವನ್ನು ಕಾಡುತ್ತವೆ. ಕೊಳವೆಯ ಬಾಯನ್ನು ಅಂಟಿನಿಂದ ಮುಚ್ಚಿದರೆ ಸಾಕು.

ಗುರುತಿಸಲಾಗದ ಜೀವಿಗಳನ್ನು ಕೊಲ್ಲಲೆಂದು ಕಲ್ಲನ್ನು ಕುದಿಸುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಇದನ್ನು ಎಂದಿಗೂ ಮಾಡಬಾರದು. ಕಂದು ಅಥವಾ ಹಸಿರು ಗುಂಡಿಗಳಂತೆ ಒತ್ತಾಗಿ ಹರಡಿಕೊಳ್ಳುವ, ಕಡಲಹೂವಿನ ಬಂಧುಗಳಾದ ಜೊಆಂಥಿಡ್‌ಗಳಲ್ಲಿ, ವಿಶೇಷವಾಗಿ ಪ್ಯಾಲಿಥೋವಾ ಕುಲದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಅತ್ಯಂತ ಪ್ರಬಲ ವಿಷವಿರಬಹುದು. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿದ ಈ ವಿಷ ಕುದಿಯುವ ನೀರಿನ ಹಬೆಯೊಡನೆ ಸೂಕ್ಷ್ಮ ಹನಿಗಳಲ್ಲಿ ಗಾಳಿಗೆ ಸೇರಿ ಶ್ವಾಸಕೋಶ ತಲುಪುತ್ತದೆ. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಅಕ್ವೇರಿಯಂ ಅಂಗಡಿ ಮತ್ತು ಮನೆಗಳಲ್ಲಿ ಜೊಆಂಥಿಡ್‌ಗಳಿಂದ ಜನರು ಅಸ್ವಸ್ಥರಾದ ಪ್ರಕರಣಗಳನ್ನು ಆರೋಗ್ಯಾಧಿಕಾರಿಗಳು ದಾಖಲಿಸಿದ್ದಾರೆ. ಇಂತಹ ಕಲ್ಲನ್ನು ಒಣಬ್ರಷ್‌ನಿಂದ ಉಜ್ಜಬಾರದು, ಬಿಸಿನೀರು ಸುರಿಯಬಾರದು. ಕೈಗವಸು ಮತ್ತು ಕಣ್ಣಿನ ರಕ್ಷಾಕವಚ ಧರಿಸಿ, ನೀರಿನೊಳಗೇ ಇಟ್ಟು ಕೆಲಸ ಮಾಡಬೇಕು, ಮತ್ತು ಕೈಯಲ್ಲಿ ಗಾಯವಿದ್ದ ದಿನ ಅದನ್ನು ಮುಟ್ಟಲೇಬಾರದು.