ತನ್ನ ಸೋರ್ಸ್ ಕೋಡನ್ನು ತಾನೇ ಗುರುತಿಸುವ ಪ್ರೋಗ್ರಾಮ್: ಫೈಲ್ ತೆರೆಯದೆ ಸಾಧ್ಯವೇ?

ಪ್ರಶ್ನೆ: ಇನ್‌ಪುಟ್ ಆಗಿ ತನ್ನದೇ ಸೋರ್ಸ್ ಕೋಡ್ (ಪ್ರೋಗ್ರಾಮಿನ ಮೂಲ ಪಠ್ಯ) ಬಂದರೆ ‘ಹೌದು’ ಎಂದೂ, ಬೇರೆ ಏನೇ ಬಂದರೂ ‘ಅಲ್ಲ’ ಎಂದೂ ಹೇಳುವ ಪ್ರೋಗ್ರಾಮ್ ಬರೆಯಬೇಕಾಗಿದೆ. ಅದು ತನ್ನ ಫೈಲನ್ನು ತೆರೆದು ಓದುವಂತಿಲ್ಲ. ಇದು ನಿಜಕ್ಕೂ ಸಾಧ್ಯವೇ?

ಸಾಧ್ಯ. ಪೈಥಾನ್ ಭಾಷೆಯಲ್ಲಿ ಅದು 49 ಅಕ್ಷರಗಳ ಒಂದೇ ಸಾಲು. ಅಸೈನ್‌ಮೆಂಟ್‌ಗಳ ಕಾಲ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಉತ್ತರಿಸುತ್ತೇನೆ, ಅದರ ಬೆನ್ನಿಗೇ ‘ಉತ್ತರ ಓದಿದೆ, ಆದರೂ ಇದು ಹೇಗೆ ಸಾಧ್ಯ’ ಎಂಬ ಪತ್ರಗಳು ಬರುತ್ತವೆ. ಆ ಪತ್ರಗಳಲ್ಲಿರುವ ಆಕ್ಷೇಪ ಒಂದೇ ಆಗಿರುವುದರಿಂದ ಈ ಸಲ ಅದನ್ನೇ ಬುಡಸಮೇತ ಪರಿಶೀಲಿಸೋಣ. ತನ್ನ ಸೋರ್ಸ್ ಕೋಡನ್ನು ತಾನೇ ಮುದ್ರಿಸುವ ಪ್ರೋಗ್ರಾಮಿಗೆ ಕ್ವೈನ್ ಎನ್ನುತ್ತಾರೆ ಎಂಬಷ್ಟು ಓದುಗರಿಗೆ ತಿಳಿದಿದೆ ಎಂದು ಭಾವಿಸಿದ್ದೇನೆ. ನಮ್ಮ ಪ್ರೋಗ್ರಾಮ್ ಅದರ ಹತ್ತಿರದ ಸಂಬಂಧಿ. ಇದನ್ನು ಬಲ್ಲವರ ವಲಯದಲ್ಲಿ ನಾರ್ಸಿಸಿಸ್ಟ್ ಪ್ರೋಗ್ರಾಮ್ ಎಂದು ಕರೆಯುವುದುಂಟು.

ಆಕ್ಷೇಪ ಹೀಗೆ ಸಾಗುತ್ತದೆ. ಪ್ರೋಗ್ರಾಮ್ ತನ್ನನ್ನು ಗುರುತಿಸಬೇಕಾದರೆ ತನ್ನ ಪೂರ್ತಿ ಪಠ್ಯವನ್ನು ಒಳಗೆ ಇಟ್ಟುಕೊಂಡಿರಬೇಕು. ಪಠ್ಯ ಒಳಗೆ ಸೇರಿದ ಕೂಡಲೇ ಪ್ರೋಗ್ರಾಮ್ ಉದ್ದವಾಗುತ್ತದೆ. ಉದ್ದವಾದ ಆ ಪಠ್ಯವನ್ನು ಮತ್ತೆ ಒಳಗೆ ಸೇರಿಸಬೇಕು, ಆಗ ಅದು ಇನ್ನಷ್ಟು ಉದ್ದವಾಗುತ್ತದೆ. ಪೆಟ್ಟಿಗೆಯೊಳಗೆ ಅದೇ ಅಳತೆಯ ಪೆಟ್ಟಿಗೆ ಹಿಡಿಸುವುದಿಲ್ಲವಾದ್ದರಿಂದ ಈ ಕೆಲಸ ಎಂದಿಗೂ ಮುಗಿಯದು, ಫೈಲ್ ತೆರೆದು ಓದುವುದೊಂದೇ ದಾರಿ.

ಈ ವಾದದ ಎರಡನೆಯ ವಾಕ್ಯದಿಂದ ಕೊನೆಯವರೆಗೆ ತರ್ಕದಲ್ಲಿ ಕೊರತೆ ಇಲ್ಲ. ತಪ್ಪಿರುವುದು ಯಾರೂ ಅನುಮಾನಿಸದ ಮೊದಲ ವಾಕ್ಯದಲ್ಲಿ. ಒಂದು ಪಠ್ಯವನ್ನು ಗುರುತಿಸಲು ಆ ಪಠ್ಯ ಅಕ್ಷರಕ್ಕೆ ಅಕ್ಷರವಾಗಿ ಒಳಗೆ ಇರಬೇಕಾಗಿಲ್ಲ. ಬೇಕಾದಾಗ ಅದನ್ನು ಕಟ್ಟಿಕೊಳ್ಳುವ ವಿಧಾನ ಒಳಗಿದ್ದರೆ ಸಾಕು. ಸಾವಿರ ಬಾರಿ ‘ಅ’ ಎಂದು ಬರೆದಿರುವ ಸ್ಟ್ರಿಂಗನ್ನು (ಅಕ್ಷರಗಳ ಸರಣಿಯನ್ನು) ಗುರುತಿಸುವ ಪ್ರೋಗ್ರಾಮಿನಲ್ಲಿ ಸಾವಿರ ‘ಅ’ಗಳನ್ನು ಯಾರೂ ಟೈಪ್ ಮಾಡುವುದಿಲ್ಲ. ಇದನ್ನು ಒಪ್ಪಿಕೊಳ್ಳುವವರೇ ತಮ್ಮ ಪ್ರೋಗ್ರಾಮಿನ ಸ್ವಂತ ಪಠ್ಯದ ಮಾತು ಬಂದೊಡನೆ ಅದು ಪೂರ್ತಿಯಾಗಿ ಒಳಗಿರಲೇಬೇಕು ಎಂದು ಹಟ ಹಿಡಿಯುವುದು ನನಗೆ ಇಂದಿಗೂ ಸೋಜಿಗ.

ಹಾಗಾದರೆ ಸ್ವಂತ ಪಠ್ಯವನ್ನು ಕಟ್ಟಿಕೊಳ್ಳುವ ಆ ವಿಧಾನ ಯಾವುದು? ಕೋಡಿಗಿಂತ ಮೊದಲು ಕನ್ನಡದಲ್ಲೇ ಬರೆದು ನೋಡೋಣ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಗುಮಾಸ್ತನೊಬ್ಬನಿಗೆ ಈ ಆಜ್ಞೆಯನ್ನು ಕೊಡಿ:

"ಎಂಬುದನ್ನು ಮೊದಲು ಉದ್ಧರಣ ಚಿಹ್ನೆಗಳೊಳಗೆ, ಒಂದು ತೆರಪು ಬಿಟ್ಟು ಮತ್ತೊಮ್ಮೆ ಚಿಹ್ನೆಗಳಿಲ್ಲದೆ ಬರೆದು, ಬಂದ ಕಾಗದದೊಂದಿಗೆ ಹೋಲಿಸಿ ಹೌದು ಅಥವಾ ಅಲ್ಲ ಎಂದು ತಿಳಿಸಿ" ಎಂಬುದನ್ನು ಮೊದಲು ಉದ್ಧರಣ ಚಿಹ್ನೆಗಳೊಳಗೆ, ಒಂದು ತೆರಪು ಬಿಟ್ಟು ಮತ್ತೊಮ್ಮೆ ಚಿಹ್ನೆಗಳಿಲ್ಲದೆ ಬರೆದು, ಬಂದ ಕಾಗದದೊಂದಿಗೆ ಹೋಲಿಸಿ ಹೌದು ಅಥವಾ ಅಲ್ಲ ಎಂದು ತಿಳಿಸಿ

ಗುಮಾಸ್ತನು ಉದ್ಧರಣ ಚಿಹ್ನೆಗಳೊಳಗಿನ ಮಾತನ್ನು ಒಮ್ಮೆ ಚಿಹ್ನೆಗಳ ಸಹಿತ, ಇನ್ನೊಮ್ಮೆ ಚಿಹ್ನೆಗಳಿಲ್ಲದೆ ಬರೆದಾಗ ಅವನ ಹಾಳೆಯಲ್ಲಿ ಮೂಡುವುದು ಅವನಿಗೆ ಕೊಟ್ಟ ಆಜ್ಞೆಯೇ, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲದೆ. ಅದರ ಜೊತೆಗೆ ಬಂದ ಕಾಗದವನ್ನು ಹೋಲಿಸಿದರೆ ಕೆಲಸ ಮುಗಿಯಿತು. ಆಜ್ಞೆಯೊಳಗೆ ಪೂರ್ಣ ಆಜ್ಞೆ ಎಲ್ಲಿಯೂ ಇಲ್ಲ. ಇರುವುದು ಅದರ ಉತ್ತರಾರ್ಧದ ಪ್ರತಿ ಮಾತ್ರ. ಆ ಪ್ರತಿಯನ್ನು ಎರಡು ಸಲ ಬಳಸಲಾಗಿದೆ ಎಂಬುದೇ ಇಲ್ಲಿನ ಇಡೀ ಗುಟ್ಟು. ದಯವಿಟ್ಟು ಪೆನ್ನು ಹಿಡಿದು ಗುಮಾಸ್ತನ ಕೆಲಸವನ್ನು ಒಮ್ಮೆ ನೀವೇ ಮಾಡಿ ನೋಡಿ. ಹಾಗೆ ಮಾಡಿದವರಿಂದ ನನಗೆ ಎರಡನೆಯ ಪತ್ರ ಬಂದದ್ದಿಲ್ಲ.

ಪೈಥಾನ್‌ನ ಆ ಒಂದು ಸಾಲಿನ ರಚನೆಯೂ ಇದೇ. ಒಂದಕ್ಷರದ ಹೆಸರಿರುವ ವೇರಿಯಬಲ್‌ಗೆ ಒಂದು ಸ್ಟ್ರಿಂಗನ್ನು ಕೊಡಲಾಗುತ್ತದೆ. ಆ ಸ್ಟ್ರಿಂಗ್ ಇಡೀ ಪ್ರೋಗ್ರಾಮಿನ ಅಚ್ಚು. ಆದರೆ ಸ್ಟ್ರಿಂಗ್ ಬರಬೇಕಾದ ಸ್ಥಳದಲ್ಲಿ ಶೇಕಡಾ ಚಿಹ್ನೆ ಮತ್ತು ‘ಆರ್’ ಅಕ್ಷರ ಸೇರಿದ ತೆರವು ಗುರುತು ಇರುತ್ತದೆ. ಆ ಗುರುತಿನ ಜಾಗದಲ್ಲಿ ಅದೇ ಸ್ಟ್ರಿಂಗನ್ನು, ಅದರ ಉದ್ಧರಣ ಚಿಹ್ನೆಗಳ ಸಹಿತ, ತುಂಬಿದರೆ ಪ್ರೋಗ್ರಾಮಿನ ಪೂರ್ಣ ಪಠ್ಯ ಸಿಗುತ್ತದೆ. ಅದನ್ನು ಇನ್‌ಪುಟ್ ಜೊತೆ ಹೋಲಿಸಿ ಫಲಿತಾಂಶವನ್ನು ಮುದ್ರಿಸುವುದು ಸಾಲಿನ ಉತ್ತರಾರ್ಧ. ಅಚ್ಚಿನೊಳಗೆ ನಿಜವಾದ ಶೇಕಡಾ ಚಿಹ್ನೆ ಬೇಕಾದಲ್ಲಿ ಅದನ್ನು ಎರಡು ಸಲ ಬರೆಯಬೇಕೆಂಬುದು ಪೈಥಾನ್ ನಿಯಮ. ಈಗ ಲೆಕ್ಕ ಹಾಕಿ. ಅಚ್ಚಿನ ಉದ್ದ 25 ಅಕ್ಷರ. ತೆರವು ಗುರುತಿನ 2 ಅಕ್ಷರಗಳು ಹೋಗುತ್ತವೆ, ಅವುಗಳ ಜಾಗಕ್ಕೆ ಚಿಹ್ನೆಗಳೂ ಸೇರಿ 27 ಅಕ್ಷರಗಳು ಬರುತ್ತವೆ, ಜೋಡಿ ಶೇಕಡಾ ಚಿಹ್ನೆ ಒಂಟಿಯಾಗುವುದರಿಂದ 1 ಕಡಿಮೆಯಾಗುತ್ತದೆ. ಒಟ್ಟು 49, ಪ್ರೋಗ್ರಾಮಿನ ಉದ್ದವೂ 49. ಅನಂತವಾಗಿ ಬೆಳೆಯಬೇಕಾಗಿದ್ದ ಪ್ರೋಗ್ರಾಮ್ 49ರಲ್ಲಿ ನಿಂತಿದೆ.

ಇದು ಪೈಥಾನಿನ ಸ್ಟ್ರಿಂಗ್ ಸೌಲಭ್ಯದ ಚಮತ್ಕಾರ ಮಾತ್ರ ಎನ್ನುವವರಿಗೆ ಎರಡು ಮಾತು. ಸಿ ಭಾಷೆಯಲ್ಲಿ ಉದ್ಧರಣ ಚಿಹ್ನೆಯನ್ನು ನೇರವಾಗಿ ಬರೆಯುವ ಬದಲು ಆಸ್ಕಿ ಎಂಬ ಅಕ್ಷರಸಂಕೇತ ಪಟ್ಟಿಯಲ್ಲಿ ಅದರ ಸಂಖ್ಯೆಯಾದ 34ನ್ನು ಬಳಸಿ ಇದೇ ಕೆಲಸವನ್ನು ಮಾಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಇಂದಿನ ಅರ್ಥದ ಕಂಪ್ಯೂಟರುಗಳು ಬರುವ ಮೊದಲೇ, 1938ರಲ್ಲಿ, ಅಮೆರಿಕದ ಗಣಿತಜ್ಞ ಸ್ಟೀಫನ್ ಕೋಲ್ ಕ್ಲೀನಿ ಇದನ್ನು ಪ್ರಮೇಯವಾಗಿ ಸಾಧಿಸಿದ್ದರು. ರಿಕರ್ಶನ್ ಪ್ರಮೇಯವೆಂದು ಹೆಸರಾದ ಅದರ ತಾತ್ಪರ್ಯವೇನೆಂದರೆ, ಸಾಕಷ್ಟು ಸಾಮರ್ಥ್ಯವುಳ್ಳ ಯಾವುದೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ತನ್ನ ಪಠ್ಯ ತನ್ನ ಕೈಯಲ್ಲೇ ಇದೆ ಎಂದುಕೊಂಡು ಪ್ರೋಗ್ರಾಮ್ ಏನೇನು ಮಾಡಬಯಸುತ್ತದೆಯೋ ಅದೆಲ್ಲವನ್ನೂ ಮಾಡುವ ಪ್ರೋಗ್ರಾಮನ್ನು ಬರೆಯಲು ಬರುತ್ತದೆ. ಮುದ್ರಿಸುವುದು, ಹೋಲಿಸುವುದು, ಅಕ್ಷರ ಎಣಿಸುವುದು ಎಲ್ಲವೂ ಅದರ ಬಿಡಿ ಉದಾಹರಣೆಗಳು. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1948ರ ತಮ್ಮ ಉಪನ್ಯಾಸದಲ್ಲಿ, ತನ್ನಂಥದ್ದೇ ಇನ್ನೊಂದನ್ನು ಕಟ್ಟುವ ಯಂತ್ರದ ಬಗ್ಗೆ ಮಾತನಾಡುವಾಗಲೂ ಇದೇ ಉಪಾಯವನ್ನು ಹಿಡಿದರು: ಯಂತ್ರದ ವಿವರಣೆಯನ್ನು ಒಮ್ಮೆ ಆಜ್ಞೆಯಾಗಿ ಪಾಲಿಸಬೇಕು, ಇನ್ನೊಮ್ಮೆ ಅರ್ಥ ಮಾಡಿಕೊಳ್ಳದೆ ಸುಮ್ಮನೆ ನಕಲು ಮಾಡಬೇಕು. ಡಿಎನ್‌ಎ ರಚನೆ ತಿಳಿದದ್ದು ಅದಾಗಿ ಐದು ವರ್ಷಗಳ ನಂತರ, 1953ರಲ್ಲಿ. ಜೀವಕೋಶಗಳೂ ಅದನ್ನು ಹೀಗೆಯೇ ಎರಡು ಬಗೆಯಲ್ಲಿ ಬಳಸುತ್ತವೆ.

ಪೂರ್ತಿ ಪಠ್ಯದ ಬದಲು ಅದರ ಹ್ಯಾಶ್, ಅಂದರೆ ಪಠ್ಯದಿಂದ ಲೆಕ್ಕ ಹಾಕಿ ಪಡೆದ ನಿಗದಿತ ಉದ್ದದ ಸಂಖ್ಯೆ, ಇಟ್ಟುಕೊಂಡರೆ ಆಗದೇ ಎಂದು ಜಾಣತನದಿಂದ ಕೇಳುವವರೂ ಇದ್ದಾರೆ. ಆಗದು. ಹ್ಯಾಶನ್ನು ಕೋಡಿನೊಳಗೆ ಬರೆದೊಡನೆ ಕೋಡ್ ಬದಲಾಗಿ ಹ್ಯಾಶ್ ಕೂಡ ಬದಲಾಗುತ್ತದೆ. ಹೇಗೋ ಹೊಂದಿಸಿದಿರಿ ಎಂದುಕೊಂಡರೂ, 256 ಬಿಟ್‌ಗಳ ಹ್ಯಾಶ್‌ಗಳ ಸಂಖ್ಯೆಗೆ ಮಿತಿ ಇದೆ, ಪಠ್ಯಗಳ ಸಂಖ್ಯೆಗೆ ಇಲ್ಲ. ಆದ್ದರಿಂದ ಬೇರೆ ಯಾವುದೋ ಪಠ್ಯಕ್ಕೂ ನಿಮ್ಮ ಪ್ರೋಗ್ರಾಮ್ ‘ಹೌದು’ ಎನ್ನುವ ಸಾಧ್ಯತೆ ಉಳಿದೇ ಉಳಿಯುತ್ತದೆ. ಪ್ರಶ್ನೆ ಕೇಳಿದ್ದು ‘ಬೇರೆ ಏನೇ ಬಂದರೂ ಅಲ್ಲ’ ಎಂದು.

ಇನ್ನು ವಿದ್ಯಾರ್ಥಿಗಳ ಉತ್ತರಗಳಲ್ಲಿ ಪದೇ ಪದೇ ಕಾಣುವ ತಪ್ಪುಗಳು. ಎಲ್ಲಿಂದಲೋ ಒಂದು ಕ್ವೈನ್ ತಂದು, ಅದರ ಉತ್ತರಾರ್ಧದಲ್ಲಿ ಮುದ್ರಿಸುವ ಬದಲು ಹೋಲಿಸುವಂತೆ ತಿದ್ದಿ, ಅಚ್ಚಿನ ಸ್ಟ್ರಿಂಗನ್ನು ಹಾಗೆಯೇ ಬಿಡುತ್ತಾರೆ. ಆ ಪ್ರೋಗ್ರಾಮ್ ಕೆಡುವುದಿಲ್ಲ, ದೋಷ ಸಂದೇಶವನ್ನೂ ಕೊಡುವುದಿಲ್ಲ. ಅದು ತನ್ನನ್ನು ಗುರುತಿಸುವ ಬದಲು ತಾನು ಹುಟ್ಟಿದ ಮೂಲ ಕ್ವೈನನ್ನು ಗುರುತಿಸುತ್ತದೆ. ಆಜ್ಞೆಯಲ್ಲಿ ಏನನ್ನು ಬದಲಾಯಿಸಿದರೂ ಅಚ್ಚಿನಲ್ಲಿಯೂ ಅದನ್ನೇ ಬದಲಾಯಿಸಬೇಕು.

ಎರಡನೆಯದು ನಾನು ಮೇಲೆ ವಿವರಿಸಿದ 49 ಅಕ್ಷರಗಳ ಸಾಲಿನಲ್ಲಿಯೇ ಇದೆ. ಪೈಥಾನಿನ ಸಾಮಾನ್ಯ ಇನ್‌ಪುಟ್ ಆಜ್ಞೆ ಓದುವುದು ಒಂದೇ ಸಾಲನ್ನು. ಮೊದಲ ಸಾಲಿನಲ್ಲಿ ಸರಿಯಾದ ಸೋರ್ಸ್ ಕೊಟ್ಟು ಎರಡನೆಯ ಸಾಲಿನಿಂದ ಏನು ಬೇಕಾದರೂ ಗೀಚಿದರೆ ಆ ಪ್ರೋಗ್ರಾಮ್ ಸಂತೋಷದಿಂದ ‘ಹೌದು’ ಎನ್ನುತ್ತದೆ. ಬಂದ ಇನ್‌ಪುಟ್ಟೆಲ್ಲವನ್ನೂ ಕೊನೆಯವರೆಗೆ ಓದುವಂತೆ ಬದಲಿಸಿದರೆ ಈ ದೋಷ ಹೋಗುತ್ತದೆ, ಆದರೆ ಆಗ ಫೈಲಿನ ತುದಿಯಲ್ಲಿ ಅನೇಕ ಎಡಿಟರ್‌ಗಳು ತಾವಾಗಿಯೇ ಸೇರಿಸುವ ಹೊಸ ಸಾಲಿನ ಗುರುತು ಅಡ್ಡ ಬರುತ್ತದೆ. ಅದನ್ನೂ ಅಚ್ಚಿನ ಕೊನೆಗೆ ಸೇರಿಸಬೇಕು. ‘ನನ್ನ ಪ್ರೋಗ್ರಾಮ್ ಸರಿಯಾಗಿದೆ, ಆದರೂ ಅಲ್ಲ ಎನ್ನುತ್ತಿದೆ’ ಎಂದು ಬರೆಯುವವರು ಮೊದಲು ಈ ಕಣ್ಣಿಗೆ ಕಾಣದ ಅಕ್ಷರವನ್ನು ಹುಡುಕಬೇಕಾಗಿ ವಿನಂತಿ.

ಕನ್ನಡದಲ್ಲಿ ಬರೆಯುವವರಿಗೆ ಕಾಣದ ಅಕ್ಷರಗಳ ಕಾಟ ಇನ್ನೂ ಒಂದು ಪಾಲು ಹೆಚ್ಚು. 2008ರಲ್ಲಿ ಪೈಥಾನ್ 3.0 ಬಂದ ಮೇಲೆ ವೇರಿಯಬಲ್‌ಗಳಿಗೆ ಕನ್ನಡ ಲಿಪಿಯ ಹೆಸರುಗಳನ್ನು ಇಡಬಹುದು. ಯೂನಿಕೋಡ್‌ನಲ್ಲಿ ‘ಕೊ’ ಎಂಬುದನ್ನು ‘ಕ’ ಮತ್ತು ಒಕಾರದ ಚಿಹ್ನೆ ಎಂದು ಎರಡು ಸಂಕೇತಗಳಲ್ಲಿಯೂ ಬರೆಯಬಹುದು, ‘ಕ’, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಮೂರು ಸಂಕೇತಗಳಲ್ಲಿಯೂ ಬರೆಯಬಹುದು. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಮೊದಲನೆಯದು 6 ಬೈಟ್, ಎರಡನೆಯದು 9 ಬೈಟ್. ತೆರೆಯ ಮೇಲೆ ಎರಡೂ ಒಂದೇ. ವೇರಿಯಬಲ್ ಹೆಸರುಗಳನ್ನು ಪೈಥಾನ್ ಒಂದೇ ರೂಪಕ್ಕೆ ತಂದು ನೋಡುವುದರಿಂದ ಪ್ರೋಗ್ರಾಮ್ ಎರಡು ಬಗೆಯಲ್ಲಿಯೂ ಓಡುತ್ತದೆ. ಆದರೆ ಸ್ಟ್ರಿಂಗ್‌ಗಳಿಗೆ ಆ ಸಂಸ್ಕಾರ ಇಲ್ಲ. ಆದ್ದರಿಂದ ನೋಡಲು ಒಂದೇ ಆಗಿರುವ, ಓಡಲು ಒಂದೇ ಆಗಿರುವ ಸೋರ್ಸನ್ನು ಹೋಲಿಕೆಯು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುತ್ತದೆ, ಮತ್ತು ಹಾಗೆ ತಿರಸ್ಕರಿಸುವುದೇ ಸರಿ.

ಖಾಲಿ ಫೈಲಿನ ಉಪಾಯವನ್ನು ದಯವಿಟ್ಟು ಕಳುಹಿಸಬೇಡಿ. 1994ರಲ್ಲಿ ಸಿ ಭಾಷೆಯ ಗೋಜಲು ಕೋಡಿನ ಅಂತರರಾಷ್ಟ್ರೀಯ ಸ್ಪರ್ಧೆಗೆ ಒಂದಕ್ಷರವೂ ಇಲ್ಲದ ಫೈಲೊಂದು ಜಗತ್ತಿನ ಅತಿ ಚಿಕ್ಕ ಕ್ವೈನ್ ಎಂದು ಬಂದು, ನಿಯಮಗಳನ್ನು ಅತ್ಯಂತ ಕೆಟ್ಟದಾಗಿ ದುರುಪಯೋಗಿಸಿಕೊಂಡದ್ದಕ್ಕಾಗಿ ಬಹುಮಾನ ಪಡೆಯಿತು. ಏನನ್ನೂ ಮುದ್ರಿಸದ ಪ್ರೋಗ್ರಾಮ್ ಕ್ವೈನ್ ಆಗಬಹುದು, ಆದರೆ ‘ಹೌದು’ ಮತ್ತು ‘ಅಲ್ಲ’ಗಳ ನಡುವೆ ವ್ಯತ್ಯಾಸ ತೋರಿಸಲಾರದು.

ಇಷ್ಟೆಲ್ಲ ಆದ ಮೇಲೂ ‘ಇದರಿಂದ ಏನು ಉಪಯೋಗ’ ಎಂದು ಯಾರೂ ಕೇಳದಿರುವುದು ನನಗೆ ಸ್ವಲ್ಪ ಬೇಸರದ ಸಂಗತಿ, ಏಕೆಂದರೆ ಅದಕ್ಕೆ ಒಳ್ಳೆಯ ಉತ್ತರ ಇದೆ. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣ 1984ರಲ್ಲಿ ಪ್ರಕಟವಾಯಿತು. ಅದು ಕ್ವೈನ್‌ನಿಂದಲೇ ಆರಂಭವಾಗುತ್ತದೆ. ಅವರು ವಿವರಿಸಿದ್ದು ಎರಡು ಸೋರ್ಸ್‌ಗಳನ್ನು ಗುರುತಿಸುವ ಸಿ ಕಂಪೈಲರನ್ನು, ಅಂದರೆ ಸಿ ಸೋರ್ಸನ್ನು ಯಂತ್ರ ಓಡಿಸಬಲ್ಲ ಬೈನರಿಯಾಗಿ ಬದಲಾಯಿಸುವ ಪ್ರೋಗ್ರಾಮನ್ನು. ಲಾಗಿನ್ ಪ್ರೋಗ್ರಾಮಿನ ಸೋರ್ಸ್ ಬಂದರೆ ಅದು ಕಳ್ಳ ಪಾಸ್‌ವರ್ಡನ್ನೂ ಒಪ್ಪುವಂತೆ ಗುಟ್ಟಾಗಿ ಕಂಪೈಲ್ ಮಾಡುತ್ತದೆ. ತನ್ನದೇ ಸೋರ್ಸ್, ಅಂದರೆ ಕಂಪೈಲರಿನ ಸೋರ್ಸ್, ಬಂದರೆ ಈ ಎರಡೂ ಕಳ್ಳತನಗಳನ್ನು ಹೊಸ ಕಂಪೈಲರಿನೊಳಗೂ ಸೇರಿಸುತ್ತದೆ. ಒಮ್ಮೆ ಅಂಥ ಬೈನರಿ ತಯಾರಾದ ಮೇಲೆ ಸೋರ್ಸ್‌ನಿಂದ ಕಳ್ಳ ಸಾಲುಗಳನ್ನು ಅಳಿಸಿಬಿಡಬಹುದು. ಸೋರ್ಸನ್ನು ಎಷ್ಟೇ ಓದಿದರೂ ಏನೂ ಕಾಣುವುದಿಲ್ಲ, ಮತ್ತೆ ಕಂಪೈಲ್ ಮಾಡಿದಾಗಲೆಲ್ಲ ಕಳ್ಳತನ ಮರಳಿ ಬರುತ್ತದೆ.

ಗಮನಿಸಬೇಕಾದದ್ದು, ಆ ಕಂಪೈಲರ್ ನಮ್ಮ 49 ಅಕ್ಷರಗಳ ಪ್ರೋಗ್ರಾಮಿನಂತೆ ಅಕ್ಷರಕ್ಕೆ ಅಕ್ಷರ ಹೋಲಿಸುವುದಿಲ್ಲ. ಸೋರ್ಸ್‌ನಲ್ಲಿ ಒಂದು ನಿರ್ದಿಷ್ಟ ಮಾದರಿಯ ತುಣುಕು ಕಂಡರೆ ಅದಕ್ಕೆ ಸಾಕು. ಹಾಗಾದರೆ ಬರಹ ಬದಲಾದರೂ ಕೆಲಸ ಬದಲಾಗದ ಎಲ್ಲ ರೂಪಗಳಲ್ಲಿಯೂ ತನ್ನನ್ನು ಗುರುತಿಸಿಕೊಳ್ಳುವ ಪ್ರೋಗ್ರಾಮ್ ಸಾಧ್ಯವೇ? ಇಲ್ಲಿ ಉತ್ತರ ತಲೆಕೆಳಗಾಗುತ್ತದೆ. ಹೆನ್ರಿ ಗೋರ್ಡನ್ ರೈಸ್ 1953ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ, ಪ್ರೋಗ್ರಾಮಿನ ಬರಹವನ್ನು ಬಿಟ್ಟು ಅದರ ಕೆಲಸಕ್ಕೆ ಮಾತ್ರ ಸಂಬಂಧಿಸಿದ, ಕೆಲವಕ್ಕೆ ಇದ್ದು ಕೆಲವಕ್ಕೆ ಇಲ್ಲದ ಯಾವ ಗುಣವನ್ನೂ ಎಲ್ಲ ಸಂದರ್ಭಗಳಲ್ಲಿ ತಪ್ಪದೆ ನಿರ್ಣಯಿಸುವ ಪ್ರೋಗ್ರಾಮ್ ಇರಲಾರದು. ‘ನಾನು ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ’ ಎಂಬುದು ಅಂಥ ಒಂದು ಗುಣ. ತನ್ನ ಬರಹವನ್ನು ಗುರುತಿಸುವುದು ಒಂದು ಸಾಲಿನ ಕೆಲಸ, ತನ್ನ ಕೆಲಸವನ್ನು ಗುರುತಿಸುವುದು ಯಾವ ಪ್ರೋಗ್ರಾಮಿಗೂ ಆಗದ ಕೆಲಸ. ಕಳ್ಳ ಕಂಪೈಲರಿಗೂ ಇದೇ ಮಿತಿ ಇದೆ: ಅದು ಹುಡುಕುವ ಮಾದರಿಗೆ ಸಿಗದಂತೆ ಸೋರ್ಸನ್ನು ಯಾರಾದರೂ ಬೇರೆ ರೀತಿಯಲ್ಲಿ ಬರೆದರೆ ಅದು ತನ್ನನ್ನೇ ಗುರುತಿಸದೆ ಕೈಬಿಡುತ್ತದೆ.

ಅಂಥ ಕಂಪೈಲರನ್ನು ಹಿಡಿಯುವ ವ್ಯವಸ್ಥಿತ ವಿಧಾನವನ್ನು ಡೇವಿಡ್ ಎ. ವೀಲರ್ 2005ರಲ್ಲಿ ವಿವರಿಸಿ, 2009ರ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ವಿಸ್ತರಿಸಿದರು. ಅನುಮಾನವಿರುವ ಕಂಪೈಲರಿನ ಸೋರ್ಸನ್ನು ಬೇರೊಂದು ಕಂಪೈಲರಿನಿಂದ ಕಂಪೈಲ್ ಮಾಡಬೇಕು. ಹಾಗೆ ಸಿಕ್ಕ ಕಂಪೈಲರಿನಿಂದ ಅದೇ ಸೋರ್ಸನ್ನು ಇನ್ನೊಮ್ಮೆ ಕಂಪೈಲ್ ಮಾಡಬೇಕು. ಎರಡನೆಯ ಸಲ ಬಂದ ಬೈನರಿಯನ್ನು ಅನುಮಾನವಿರುವ ಬೈನರಿಯೊಂದಿಗೆ ಬಿಟ್‌ಗೆ ಬಿಟ್ ಹೋಲಿಸಬೇಕು. ಒಂದೇ ಸೋರ್ಸ್‌ಗೆ ಸದಾ ಒಂದೇ ಬೈನರಿಯನ್ನು ಕೊಡುವ ಕಂಪೈಲರ್ ಆಗಿದ್ದರೆ ಎರಡೂ ಹೊಂದಬೇಕು, ಹೊಂದದಿದ್ದರೆ ವಿಚಾರಣೆ ಆರಂಭಿಸಬೇಕು. ಈ ಪರೀಕ್ಷೆಗೆ ಬೇಕಾದ ಆ ಬೇರೊಂದು ಕಂಪೈಲರ್ ವೇಗದ್ದಾಗಿರಬೇಕಿಲ್ಲ, ಒಳ್ಳೆಯ ಕೋಡನ್ನು ಹೊರತರಬೇಕಾಗಿಯೂ ಇಲ್ಲ. ಸೋರ್ಸನ್ನು ಸರಿಯಾಗಿ ಕಂಪೈಲ್ ಮಾಡಿ, ಅದನ್ನು ಗುರುತು ಹಿಡಿದು ಅದೇ ಕಳ್ಳತನವನ್ನು ತಾನೂ ಮಾಡದಿದ್ದರೆ ಸಾಕು.