ಕೀಲಿಮಣೆ ಫೋನಿಗೆ ಯಾವ ಓಎಸ್? ಮೊದಲು ಬುಡ ನೋಡಿ

ಆಂಡ್ರಾಯ್ಡ್ ಕಿತ್ತು ಲಿನಕ್ಸ್ ಹಾಕಿದರೆ ಹಳೇ ಫೋನಿಗೆ ಹೊಸ ಜೀವ ಬರುತ್ತದಂತೆ. ಕೀಲಿಮಣೆ ಇರುವ ಫೋನುಗಳ ಅಭಿಮಾನಿಗಳು ಇದನ್ನು ತಾಯಿತದಷ್ಟೇ ಭಕ್ತಿಯಿಂದ ನಂಬುತ್ತಾರೆ. ಆದರೆ ಆಂಡ್ರಾಯ್ಡಿನ ಬುಡದಲ್ಲಿರುವುದೂ ಲಿನಕ್ಸ್ ಕರ್ನಲ್ಲೇ, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು. ಓಎಸ್ ಬದಲಾಯಿಸಿದಾಗ ಸಾಮಾನ್ಯವಾಗಿ ಬದಲಾಗದೆ ಉಳಿಯುವುದೂ ಅದೇ.

2019ರ ಎಫ್‌ಎಕ್ಸ್‌ಟೆಕ್ ಪ್ರೊ1 ತೆಗೆದುಕೊಳ್ಳಿ. ಪರದೆ ಜಾರಿಸಿದರೆ ಐದು ಸಾಲಿನ ಕೀಲಿಮಣೆ, ಒಳಗೆ ಸ್ನಾಪ್‌ಡ್ರಾಗನ್ 835, 6 ಜಿಬಿ ರ‍್ಯಾಮ್. ಇದಕ್ಕೆ ಆಂಡ್ರಾಯ್ಡಿನದೇ ಇನ್ನೊಂದು ರೂಪವಾದ ಲಿನಿಯೇಜ್, ಆಂಡ್ರಾಯ್ಡ್ ಅಲ್ಲದ ಲಿನಕ್ಸ್‌ಗಳಾದ ಉಬುಂಟು ಟಚ್, ಸೈಲ್‌ಫಿಶ್ ಮೂರೂ ಇವೆ. ಮೂರರ ಅಡಿಯಲ್ಲೂ ಚಿಪ್ಪಿನ ಜೊತೆ ಬಂದ 4.4 ಕರ್ನಲ್. 2016ರ ಜನವರಿಯಲ್ಲಿ ಹುಟ್ಟಿದ ಆ ಸರಣಿಯ ನಿರ್ವಹಣೆ 2022ರ ಫೆಬ್ರವರಿಗೇ ಮುಗಿದಿದೆ. ಬಿಟ್ಟುಬಿಡೋಣ ಎಂದರೆ ಕ್ಯಾಮೆರಾ, ಗ್ರಾಫಿಕ್ಸಿನ ಮುಚ್ಚಿದ (ಮೂಲ ಕೋಡು ಸಿಗದ) ಫೈಲುಗಳು ಅದಕ್ಕೇ ಅಂಟಿಕೊಂಡಿವೆ.

ಆ ಫೈಲುಗಳು ಆಂಡ್ರಾಯ್ಡಿನ ಸಿ ಲೈಬ್ರರಿಯಾದ (ತಂತ್ರಾಂಶಗಳು ಕರ್ನಲ್ಲನ್ನು ಮಾತಾಡಿಸಲು ಬಳಸುವ ಸಿದ್ಧ ಕೋಡು) ಬಯಾನಿಕ್ ಇದೆಯೆಂದುಕೊಂಡೇ ಬರೆದವು. ಉಬುಂಟು, ಸೈಲ್‌ಫಿಶ್ ಆಡುವುದು ಜಿಲಿಬ್‌ಸಿ ಎಂಬ ಬೇರೆ ಸಿ ಲೈಬ್ರರಿಯ ಭಾಷೆ. ನಡುವೆ ನಿಲ್ಲುವ ದುಭಾಷಿ ಲಿಬ್‌ಹೈಬ್ರಿಸ್. ಇದರ ಜಾಣತನ ನೋಡುವಂಥದ್ದು. ಒಂದೇ ಕೆಲಸಕ್ಕೆ ಎರಡು ಎಳೆಗಳು (ತಂತ್ರಾಂಶದೊಳಗೆ ಒಟ್ಟೊಟ್ಟಿಗೆ ಓಡುವ ಥ್ರೆಡ್‌ಗಳು) ಕೈಹಾಕದಂತೆ ತಡೆಯುವ ಬೀಗಕ್ಕೆ ಮ್ಯೂಟೆಕ್ಸ್ ಎನ್ನುತ್ತಾರೆ. ಇದಕ್ಕೆ 32 ಬಿಟ್ ಬಯಾನಿಕ್ ಕಾದಿರಿಸುವುದು 4 ಬೈಟ್, ಜಿಲಿಬ್‌ಸಿ 24 ಬೈಟ್. ಹೆಸರು ಒಂದೇ, ಅಳತೆ ಬೇರೆ. ಪಾವಿನಲ್ಲಿ ಸೇರು ಅಳೆದಂತೆ ನೇರವಾಗಿ ಸುರಿದರೆ ಅಕ್ಕಪಕ್ಕದ ಮಾಹಿತಿಯೆಲ್ಲ ಚೆಲ್ಲಾಪಿಲ್ಲಿ. ಲಿಬ್‌ಹೈಬ್ರಿಸ್ ನಿಜವಾದ ಬೀಗವನ್ನು ಬೇರೆ ಕಡೆ ಇಟ್ಟು, ಅದರ ವಿಳಾಸವನ್ನಷ್ಟೇ ಆ 4 ಬೈಟಿನಲ್ಲಿ ಬರೆಯುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ಜೇಬಿಗೆ ಹಾಕಿಕೊಂಡ ಹಾಗೆ! 2012ರಲ್ಲಿ ಕಾರ್ಸ್ಟನ್ ಮುಂಕ್ ಶುರುಮಾಡಿದ ಈ ಯೋಜನೆ ಇಲ್ಲದಿದ್ದರೆ ಇವೆರಡು ಓಎಸ್‌ಗಳು ಇಷ್ಟು ಫೋನುಗಳ ಮೇಲೆ ಏಳುತ್ತಲೇ ಇರಲಿಲ್ಲ. ಆದರೆ ದುಭಾಷಿ ಎಷ್ಟೇ ಜಾಣನಾದರೂ ಕೆಳಗಿನ ಕರ್ನಲ್ಲಿಗೆ ವಯಸ್ಸು ಕಡಿಮೆಯಾಗದು.

ದಿನಬಳಕೆಗೆ ಮೊದಲ ಪರೀಕ್ಷೆ ಕರೆ. ಜಿಯೋಗೆ 2ಜಿ, 3ಜಿ ಇಲ್ಲ. 4ಜಿ ಜಾಲದ ಮೇಲೇ ಕರೆ ಸಾಗಿಸುವ ವೋಲ್ಟೆ ಇಲ್ಲವೆಂದರೆ ಡೇಟಾ ಬಂದೀತು, ಮಾತು ಹೋಗದು. ವೋಲ್ಟೆ ನಡೆಸುವ ಐಎಂಎಸ್ ತಂತ್ರಾಂಶವೂ ಮುಚ್ಚಿದ್ದೇ, ಆಂಡ್ರಾಯ್ಡಿಗೇ ಹೊಲಿದದ್ದು. ಹಾಗಾಗಿ ಇರುವುದೊಂದೇ ಫೋನಾದರೆ ಲಿನಿಯೇಜ್ ಹಾಕಿ, ಉಳಿದವು ಎರಡನೇ ಫೋನಿಗೆ. ಮೂಲ ಓಎಸ್ ಇರುವಾಗಲೇ *#*#4636#*#* ಒತ್ತಿ ಐಎಂಎಸ್ ನೋಂದಣಿ ಆಗಿದೆಯೇ ನೋಡಿಕೊಳ್ಳಿ. ಅಲ್ಲೇ ಆಗದ್ದು ಮುಂದೆ ಆಗುವುದು ಅಪರೂಪ.

ಇನ್ನು ಹಾಕುವ ಕೆಲಸ. ಫೋನು ಏಳುವಾಗ ಓಎಸ್ ಎಬ್ಬಿಸುವ ಬೂಟ್‌ಲೋಡರ್ ಅನ್‌ಲಾಕ್ ಮಾಡಿದೊಡನೆ ಫೋನಿನಲ್ಲಿದ್ದದ್ದೆಲ್ಲ ಅಳಿಯುತ್ತದೆ, ಕೆಲವು ಬ್ಯಾಂಕ್ ಆ್ಯಪ್‌ಗಳೂ ಮುನಿಸಿಕೊಳ್ಳುತ್ತವೆ. ಪ್ರೊ1ರಲ್ಲಿ ಓಎಸ್ ಇಡಲು ಎ, ಬಿ ಎಂದು ಎರಡು ಸ್ಲಾಟ್. ಲಿನಿಯೇಜ್ ಕೂರುವುದು ಆಗ ಬಳಕೆಯಲ್ಲಿಲ್ಲದ ಸ್ಲಾಟಿನಲ್ಲಿ. ಅಲ್ಲಿ ಹಳೇ ಫರ್ಮ್‌ವೇರ್ ಉಳಿದಿದ್ದರೆ ಫೋನು ಇಟ್ಟಿಗೆಯಾಗಬಹುದು. ಒಂದು ಸ್ಲಾಟಿನ ಫರ್ಮ್‌ವೇರನ್ನು ಇನ್ನೊಂದಕ್ಕೆ ನಕಲಿಸುವ ಕಾಪಿ ಪಾರ್ಟಿಶನ್ಸ್ ಜಿಪ್ ಮೊದಲು ಸೈಡ್‌ಲೋಡ್ ಮಾಡುವುದು (ಕಂಪ್ಯೂಟರಿನಿಂದ ಕೇಬಲ್ ಮೂಲಕ ಕಳಿಸುವುದು) ಇದಕ್ಕೇ. ಗೂಗಲ್ ಆ್ಯಪ್‌ಗಳು ಬೇಕಿದ್ದರೆ ಮೊದಲ ಬೂಟಿಗೆ ಮುಂಚೆಯೇ ಹಾಕಬೇಕು. ಕಂಪ್ಯೂಟರಿನಲ್ಲಿ ಸೈಡ್‌ಲೋಡ್ ಶೇಕಡಾ 47ಕ್ಕೆ ನಿಂತರೆ ಗಾಬರಿಯಾಗಿ ಕೇಬಲ್ ಕೀಳಬೇಡಿ, ಅದು ಮಾಮೂಲು. ಫೋನಿನ ಪರದೆ ಏನು ಹೇಳುತ್ತದೆ ನೋಡಿ.

ಇಷ್ಟಾದ ಮೇಲೆ ಕೀಲಿಮಣೆ, ಫೋನು ಕೊಂಡದ್ದೇ ಅದಕ್ಕಲ್ಲವೇ? ಆಂಡ್ರಾಯ್ಡ್ ಇದನ್ನು ಎರಡು ಪಟ್ಟಿ ಹಿಡಿದು ಓದುತ್ತದೆ. ಒತ್ತಿದ್ದು ಯಾವ ಕೀಲಿ ಎನ್ನುವುದು ಮೊದಲ ಪಟ್ಟಿ, ಆ ಕೀಲಿಗೆ ಯಾವ ಅಕ್ಷರ ಎನ್ನುವುದು ಎರಡನೆಯದು. ಬರೀ ಕೀಲಿ ಒತ್ತಿದರೂ ಶಿಫ್ಟ್ ಜೊತೆ ಒತ್ತಿದರೂ ಆ ಒತ್ತಿಗೆ ಗೊತ್ತುಮಾಡಿದ ಒಂದೇ ಅಕ್ಷರ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಮನೆಮಾತಾದ ಕಗಪ ಕೀಲಿ ವಿನ್ಯಾಸ ಇಲ್ಲಿ ಎಡವುತ್ತದೆ. ಅದರಲ್ಲಿ ಶಿಫ್ಟ್ ಜೊತೆ ಎ ಒತ್ತಿದರೆ ಒಂಟಿಯಾಗಿ ಆ, ಕ ಆದಮೇಲೆ ಒತ್ತಿದರೆ ಕಾ. ಹಿಂದಿನ ಅಕ್ಷರ ನೆನಪಿರಬೇಕು, ಪಟ್ಟಿಗೆ ನೆನಪಿಲ್ಲ. ಭಾರತೀಯ ಭಾಷೆಗಳ ಇನ್ನೊಂದು ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟಿನಲ್ಲಿ ಸ್ವರಕ್ಕೊಂದು ಸ್ಥಾನ, ಗುಣಿತ ಚಿಹ್ನೆಗೆ ಇನ್ನೊಂದು, ಆದ್ದರಿಂದ ಬರೀ ಪಟ್ಟಿಯೇ ಸಾಕು. ಕಗಪವೇ ಬೇಕೆನ್ನುವವರಿಗೆ ಡೆಸ್ಕ್‌ಟಾಪ್ ಲಿನಕ್ಸಿನ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಿಂದಿನ ಅಕ್ಷರದ ಲೆಕ್ಕ ಇಡುತ್ತದೆ.

ಇನ್‌ಸ್ಕ್ರಿಪ್ಟಿಗೂ ಒಂದು ಮುಳ್ಳಿದೆ. "ಕನ್ನಡ" ಎಂದು ಬರೆಯಲು ಕೆ, ವಿ, ಡಿ, ವಿ ಒತ್ತಿ ಕೊನೆಗೆ ಚೌಕ ಆವರಣದ ಕೀಲಿ ಒತ್ತಬೇಕು. 2009ರ ನೋಕಿಯಾ ಎನ್900ರಂಥ ಮೂರು ಸಾಲಿನ ಮಣೆಯಲ್ಲಿ ಆ ಕೀಲಿಯೇ ಇಲ್ಲ. ಪಟ್ಟಿ ತಿದ್ದಿ ಡ ಅಕ್ಷರವನ್ನು ಎಫ್‌ಎನ್ ಜೊತೆಗೆ ಇನ್ನೊಂದು ಕೀಲಿಗೆ ಕೂರಿಸಿಕೊಳ್ಳಬೇಕು.