ಬೇಸಿಗೆ ಸಿಕ್ಕಿತು, ಚಳಿಗಾಲ ಸಿಗಲಿಲ್ಲ: ಡಬ್ಲ್ಯುಎನ್‌ಬಿಎ ನಡೆದು ಬಂದ ದಾರಿ

1997ರ ಜೂನ್ 21ರಂದು ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ 14,284 ಪ್ರೇಕ್ಷಕರ ಮುಂದೆ ಸ್ಪಾರ್ಕ್ಸ್ ತಂಡದ ಪೆನ್ನಿ ಟೋಲರ್ ಮೊದಲ ಬ್ಯಾಸ್ಕೆಟ್ ಗಳಿಸಿದರು. ಪಂದ್ಯವನ್ನು 67–57ರಿಂದ ಗೆದ್ದದ್ದು ನ್ಯೂಯಾರ್ಕ್ ಲಿಬರ್ಟಿ. ಅಮೆರಿಕದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎ ಶುರುವಾದದ್ದು ಹೀಗೆ. ಆದರೆ ಬ್ಯಾಸ್ಕೆಟ್‌ಬಾಲ್ ಅಲ್ಲಿ ಚಳಿಗಾಲದ ಆಟ. ಮಹಿಳೆಯರಿಗೆ ಸಿಕ್ಕ ಜೂನ್, ಜುಲೈ, ಆಗಸ್ಟ್ ತಿಂಗಳುಗಳು ಪುರುಷರ ಎನ್‌ಬಿಎ ಋತು ಮುಗಿದು ಕ್ರೀಡಾಂಗಣಗಳು ಖಾಲಿ ಬೀಳುವ ಕಾಲ. ಸಂಬಳದ ಜಗಳದಿಂದ ಹಿಡಿದು ರಷ್ಯಾದ ಜೈಲಿನವರೆಗೆ ಈ ಲೀಗ್ ಕಂಡ ಬಹುಪಾಲು ಸಂಕಟಗಳ ಬೇರು ಆ ಕ್ಯಾಲೆಂಡರಿನಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಚಳಿಗಾಲದಲ್ಲಿ ಆಡಲು ಹೋದವರಿಗೆ ಏನಾಯಿತು ಎಂಬುದನ್ನೂ ನೋಡಬೇಕು. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ 1972ರ ಕಾನೂನಿನಿಂದ ಕಾಲೇಜು ಅಂಗಳಗಳಲ್ಲಿ ಹುಡುಗಿಯರ ಆಟಕ್ಕೆ ಜೀವ ಬಂತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿಗೆ ಸೇರ್ಪಡೆಯಾಯಿತು. ಆ ಹುಮ್ಮಸ್ಸಿನಲ್ಲಿ 1978ರ ಡಿಸೆಂಬರ್‌ನಲ್ಲಿ ಡಬ್ಲ್ಯುಬಿಎಲ್ ಎಂಬ ಲೀಗ್ ಆರಂಭವಾಯಿತು. ಹಣವಿಲ್ಲದ ಮಾಲೀಕರು, ಬರಿದಾದ ಚೆಕ್ಕುಗಳು. 1981ರ ಮಾರ್ಚ್‌ನಲ್ಲಿ ಸಂಬಳ ಕಾಣದೆ ಬೇಸತ್ತ ಮಿನ್ನೆಸೋಟಾ ತಂಡದ ಆಟಗಾರ್ತಿಯರು ಷಿಕಾಗೊದಲ್ಲಿ ಪಂದ್ಯ ಬಿಟ್ಟು ಅಂಗಳದಿಂದ ಹೊರನಡೆದರು. ಅದೇ ವರ್ಷ ಲೀಗ್ ಮುಚ್ಚಿತು.

1996ರಲ್ಲಿ ಅಟ್ಲಾಂಟ ಒಲಿಂಪಿಕ್ಸ್‌ನ ಚಿನ್ನ ಗೆದ್ದ ಅಮೆರಿಕದ ಮಹಿಳಾ ತಂಡ, ಸಿದ್ಧತೆಯ ಪಂದ್ಯಗಳೂ ಸೇರಿ, ಆಡಿದ 60 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಬೆನ್ನಿಗೇ ಎಬಿಎಲ್ ಲೀಗ್ ಚಳಿಗಾಲದಲ್ಲೇ ಆರಂಭವಾಗಿ ಹೆಚ್ಚಿನ ಸಂಬಳವನ್ನೂ ಕೊಟ್ಟಿತು. ಆದರೆ ಎನ್‌ಬಿಎ ಬೆಂಬಲವಿದ್ದ ಬೇಸಿಗೆಯ ಲೀಗ್‌ನ ಪಾಲಾಗಿದ್ದ ಟಿ.ವಿ. ಒಪ್ಪಂದಗಳು ಇದಕ್ಕೆ ದಕ್ಕಲಿಲ್ಲ. 1998ರ ಡಿಸೆಂಬರ್‌ನಲ್ಲಿ, ಋತುವಿನ ನಡುವೆಯೇ, ಅದು ದಿವಾಳಿ ಎದ್ದಿತು.

ಉಳಿದದ್ದು ಡಬ್ಲ್ಯುಎನ್‌ಬಿಎ. ಸಿಂಥಿಯಾ ಕೂಪರ್, ಶೆರಿಲ್ ಸ್ವೂಪ್ಸ್, ಟೀನಾ ಥಾಂಪ್ಸನ್ ಅವರಿದ್ದ ಹ್ಯೂಸ್ಟನ್ ಕಾಮೆಟ್ಸ್ ಮೊದಲ ನಾಲ್ಕೂ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಎಂಟರಿಂದ ಶುರುವಾದ ತಂಡಗಳ ಸಂಖ್ಯೆ 2000ದಲ್ಲಿ ಹದಿನಾರಕ್ಕೆ ಏರಿತು. 2002ರವರೆಗೆ ಎಲ್ಲ ತಂಡಗಳ ಒಡೆತನವೂ ಎನ್‌ಬಿಎಯದ್ದೇ. ಆ ಆಸರೆ ಸಡಿಲಗೊಂಡಾಗ ಮಯಾಮಿ, ಪೋರ್ಟ್‌ಲ್ಯಾಂಡ್, ಕ್ಲೀವ್‌ಲ್ಯಾಂಡ್ ತಂಡಗಳು ಒಂದೊಂದಾಗಿ ಬಾಗಿಲು ಹಾಕಿದವು. 2008ರ ಕೊನೆಗೆ, ಕೊಳ್ಳುವವರು ಸಿಗದೆ, ಆ ನಾಲ್ಕು ಕಪ್‌ಗಳ ಹ್ಯೂಸ್ಟನ್ ಕೂಡ ಹೋಯಿತು. ಅಷ್ಟು ದೊಡ್ಡ ತಂಡ ಅಷ್ಟು ಸದ್ದಿಲ್ಲದೆ ಅಳಿದದ್ದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಬೇಸಿಗೆಯ ಸಂಬಳ ವರ್ಷಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ತಾರೆಯರು ಚಳಿಗಾಲಕ್ಕೆ ರಷ್ಯಾ, ಟರ್ಕಿ, ಚೀನಾಗಳಿಗೆ ಹೊರಟರು. ಅಲ್ಲಿ ಆಡಿ ದಣಿದ ಕಾಲುಗಳೊಂದಿಗೆ ಮೇ ತಿಂಗಳಿಗೆ ಮರಳಬೇಕು, ಸೆಪ್ಟೆಂಬರ್ ಕಳೆದರೆ ಮತ್ತೆ ವಿಮಾನ ಹತ್ತಬೇಕು. 2015ರಲ್ಲಿ ರಷ್ಯಾದ ಕ್ಲಬ್ ಡಯಾನಾ ಟೌರಾಸಿ ಅವರಿಗೆ ಅಮೆರಿಕದಲ್ಲಿ ಆಡದೆ ವಿಶ್ರಾಂತಿ ಪಡೆಯುವುದಕ್ಕಾಗಿಯೇ ಹಣ ಕೊಟ್ಟಿತು! ಅಲ್ಲಿ ಅವರಿಗೆ ಸುಮಾರು 15 ಲಕ್ಷ ಡಾಲರ್ ಎಂದು ವರದಿಯಾಗಿತ್ತು. ತಾಯ್ನಾಡಿನ ಲೀಗ್‌ನ ಗರಿಷ್ಠ ಸಂಬಳ 1.1 ಲಕ್ಷ ಡಾಲರ್‌ನ ಒಳಗೇ ಇತ್ತು. 2018ರ ಶ್ರೇಷ್ಠ ಆಟಗಾರ್ತಿ ಬ್ರಿಯಾನಾ ಸ್ಟೀವರ್ಟ್ ಮರುವರ್ಷ ಏಪ್ರಿಲ್‌ನಲ್ಲಿ ಹಂಗೆರಿಯಲ್ಲಿ ಯೂರೋಲೀಗ್ ಫೈನಲ್ ಆಡುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಆ ಬೇಸಿಗೆ ಪೂರ್ತಿ ಕೈತಪ್ಪಿತು. 2022ರ ಫೆಬ್ರುವರಿಯಲ್ಲಿ ಬ್ರಿಟ್ನಿ ಗ್ರೈನರ್ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಗಾಂಜಾ ಎಣ್ಣೆಯ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಒಂಬತ್ತು ವರ್ಷಗಳ ಶಿಕ್ಷೆ. ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದದ್ದು ಡಿಸೆಂಬರ್‌ನಲ್ಲಿ. ಆಕೆ ಅಲ್ಲಿಗೆ ಹೋಗಿದ್ದೇಕೆ ಎಂದು ಕೇಳಿದವರಿಗೆ ಉತ್ತರ ಸಂಬಳದ ಪಟ್ಟಿಯಲ್ಲೇ ಇತ್ತು.

ಸ್ವದೇಶದಲ್ಲೂ ಸುಖವಿರಲಿಲ್ಲ. 2018ರ ಆಗಸ್ಟ್‌ನಲ್ಲಿ ವಿಮಾನಗಳು ತಡವಾಗಿ, ರದ್ದಾಗಿ, ಲಾಸ್ ವೇಗಸ್ ಏಸಸ್ ತಂಡ 25 ಗಂಟೆಗಿಂತ ಹೆಚ್ಚು ಕಾಲ ದಾರಿಯಲ್ಲೇ ಕಳೆದು, ಪಂದ್ಯಕ್ಕೆ ಕೆಲವೇ ಗಂಟೆ ಮುಂಚೆ ವಾಷಿಂಗ್ಟನ್ ತಲುಪಿತು. ಆಟಗಾರ್ತಿಯರು ಆಡಲು ಒಪ್ಪಲಿಲ್ಲ. ಲೀಗ್ ಅದನ್ನು ಸೋಲು ಎಂದೇ ಬರೆದುಕೊಂಡಿತು. ಏಸಸ್ ಒಂದೇ ಪಂದ್ಯದ ಅಂತರದಲ್ಲಿ ಪ್ಲೇಆಫ್ ಅವಕಾಶ ಕಳೆದುಕೊಂಡಿತು. ತಂಡಕ್ಕೇ ಮೀಸಲಾದ ಬಾಡಿಗೆ ವಿಮಾನ ಎಲ್ಲ ತಂಡಗಳಿಗೂ ಎಟುಕದು, ಆದ್ದರಿಂದ ಯಾರಿಗೂ ಬೇಡ ಎಂಬುದು ಆಗಿನ ನಿಯಮ. 2021ರಲ್ಲಿ ಅದನ್ನು ಮುರಿದ ಲಿಬರ್ಟಿಗೆ 5 ಲಕ್ಷ ಡಾಲರ್ ದಂಡ ಬಿತ್ತು. ಆಟಗಾರ್ತಿಯರಿಗೆ ಒಳ್ಳೆಯದು ಮಾಡಿದ್ದಕ್ಕೆ ದಂಡ!

ಲೀಗ್ ಮತ್ತು ಆಟಗಾರ್ತಿಯರ ಸಂಘದ ನಡುವಿನ 2020ರ ಒಪ್ಪಂದ ಗರಿಷ್ಠ ಸಂಬಳವನ್ನು 2.15 ಲಕ್ಷ ಡಾಲರಿಗೆ ಏರಿಸಿತು, ಜೊತೆಗೆ ವಿದೇಶದಿಂದ ತಡವಾಗಿ ಬರುವವರ ಮೇಲೆ ನಿರ್ಬಂಧವನ್ನೂ ಹೇರಿತು. ನಿಜವಾದ ತಿರುವು 2024ರದ್ದು. ಆ ಏಪ್ರಿಲ್‌ನಲ್ಲಿ ಮಹಿಳೆಯರ ಕಾಲೇಜು ಫೈನಲ್ ಅನ್ನು ಪುರುಷರ ಫೈನಲ್‌ಗಿಂತ ಹೆಚ್ಚು ಜನ ನೋಡಿದರು. ಅದರಲ್ಲಿ ಆಡಿದ ಕೇಟ್ಲಿನ್ ಕ್ಲಾರ್ಕ್ 76,535 ಡಾಲರ್ ಸಂಬಳಕ್ಕೆ ಇಂಡಿಯಾನಾ ಫೀವರ್ ಸೇರಿದರು. ಅದೇ ವರ್ಷ ಎಲ್ಲ ತಂಡಗಳಿಗೂ ಬಾಡಿಗೆ ವಿಮಾನ ಬಂತು, ಜುಲೈನಲ್ಲಿ 11 ವರ್ಷಗಳಿಗೆ ಸುಮಾರು 220 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಕುದುರಿತು.

ಚಳಿಗಾಲಕ್ಕೆ ಉತ್ತರ ಕಂಡುಕೊಂಡವರು ಆಟಗಾರ್ತಿಯರೇ. ಸ್ಟೀವರ್ಟ್ ಮತ್ತು ನಫೀಸಾ ಕಾಲಿಯರ್ ಕಟ್ಟಿದ ‘ಅನ್‌ರೈವಲ್ಡ್’ ಎಂಬ ಮೂವರ ತಂಡಗಳ ಲೀಗ್ 2025ರ ಜನವರಿಯಲ್ಲಿ ಮಯಾಮಿ ಬಳಿ ಆರಂಭವಾಯಿತು. ಅದರಲ್ಲಿ ಆಡುವವರಿಗೆ ಪಾಲುದಾರಿಕೆಯೂ ಇದೆ. ಅದೇ ವರ್ಷದ ಜುಲೈನಲ್ಲಿ, ಇಂಡಿಯಾನಾಪೊಲಿಸ್‌ನ ಆಲ್‌ಸ್ಟಾರ್ ಪಂದ್ಯಕ್ಕೆ ಮುನ್ನ, ಡಬ್ಲ್ಯುಎನ್‌ಬಿಎ ತಾರೆಯರೆಲ್ಲ ಒಂದೇ ಬಗೆಯ ಕಪ್ಪು ಅಂಗಿ ತೊಟ್ಟು ಅಂಗಳಕ್ಕಿಳಿದರು. ನಮಗೆ ಸಲ್ಲಬೇಕಾದದ್ದನ್ನು ಕೊಡಿ ಎಂದು ಅದರ ಮೇಲೆ ಬರೆದಿತ್ತು.